ಉಕ್ಕದ ಹಾಲು

ಉರಿಯುವ ಒಲೆಗೆ ನೀರು ಹುಯ್ಯಬಾರದು. ಶಿರಾದಲ್ಲಿ ನಾನಿನ್ನೂ ಚಡ್ಡಿ ಹಾಕುವ ಮೊದಲೇ ನಮ್ಮವ್ವ ಹೇಳಿಕೊಟ್ಟ ಮಾತು ಇದು. ಒಲೆ ತಾನಾಗಿ ಆರಬೇಕು, ಇಲ್ಲವೇ ಬೂದಿ ಎಳೆದು ಮುಚ್ಚಬೇಕು. ಆತುರಕ್ಕೆ ಯಾರಾದರೂ ನೀರು ಹುಯ್ದರೆ, ಹುಯ್ದವರೇ ಸ್ನಾನ ಮಾಡಿ ಬಂದು ಮತ್ತೆ ಹಚ್ಚಿಕೊಡಬೇಕು. ನಮ್ಮ ಮನೆಯ ರೂಢಿ ಹಾಗೆ. ಕುಮುದಾ ಮೇಡಂ ನನ್ನ ಒಲೆಗೆ ನೀರು ಹುಯ್ದರು. ಅದೂ ಗೃಹಪ್ರವೇಶದ ಹಾಲಿಟ್ಟಿದ್ದ ಒಲೆಗೆ, ಎಂಬತ್ತು ಜನರೆದುರಿಗೆ. 2009ರ ಅಕ್ಟೋಬರ್ ತಿಂಗಳು. ನಾನಿನ್ನೂ ಮರೆತಿಲ್ಲ.

ಅವರು ಊರಿಗೆ ಹೊರಟುಹೋದ ಮೇಲೆ ಕನ್ನಡ ಸಂಘದವರು ಫೋನ್ ಮಾಡಿದರು. "ಮರಿಯಪ್ಪನೋರೆ, ಈ ವರ್ಷದ ಪುಸ್ತಕಕ್ಕೆ ಕುಮುದಾ ಅವರ ಬಗ್ಗೆ ನೀವೇ ಬರೆದುಕೊಡಿ" ಎಂದರು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ಅಡುಗೆಯವನು. "ಬರೆದರೆ ಜಗಳದಿಂದಲೇ ಶುರು ಮಾಡ್ತೀನಿ" ಎಂದೆ. "ಮಾಡಿ" ಎಂದರು. ಮಾಡಿದ್ದೇನೆ.

ಆ ಗೃಹಪ್ರವೇಶ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಊರಿನ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯಲ್ಲಿ, ಕಾರ್ತಿಕೇಯ ಎಂಬ ಸಾಫ್ಟ್‌ವೇರ್ ಹುಡುಗನ ಮನೆಯಲ್ಲಿ. ಮನೆ ಬಡಾವಣೆಯ ಕಟ್ಟಕಡೆಯದು. ಹಿತ್ತಲಿನ ಬೇಲಿ ದಾಟಿದರೆ ಇಳಿಜಾರು, ಅದರಾಚೆ ಒಣಹುಲ್ಲಿನ ಕಣಿವೆ. ಬೇಲಿಯುದ್ದಕ್ಕೂ ನೀಲಗಿರಿ ಮರಗಳು. ಕಾರ್ತಿಕೇಯನ ಅಪ್ಪ ನೀಲಕಂಠಪ್ಪ, ಅವ್ವ ಬಸವ್ವ ಬಾಗಲಕೋಟೆಯಿಂದ ಆರು ತಿಂಗಳಿಗೆಂದು ಬಂದಿದ್ದರು. ಬಸವ್ವನಿಗೆ ಹಾಲು ಸೌದೆ ಒಲೆಯ ಮೇಲೇ ಉಕ್ಕಬೇಕು.

"ಗ್ಯಾಸಿನ ಮ್ಯಾಲೆ ಉಕ್ಕಿದ್ದು ಹಾಲೇನೋ ಮರಿಯಪ್ಪ? ಅದು ಬರೇ ಹಬಿ" ಎಂದಿದ್ದಳು.

ನನಗೂ ಹುರುಪು ಬಂತು. ಅಮೆರಿಕಕ್ಕೆ ಬಂದು ಐದು ವರ್ಷವಾಗಿತ್ತು. ಆರ್ಟೀಸಿಯಾದ ಹೋಟೆಲಿನಲ್ಲಿ ಮಾಲೀಕನ ಜೊತೆ ಕಿತ್ತಾಡಿಕೊಂಡು ಬಿಟ್ಟು, ಲಾಸ್ ಏಂಜಲೀಸ್ ಪಕ್ಕದ ಊರು ಡೈಮಂಡ್ ಬಾರ್‌ನಲ್ಲಿ ಸ್ವಂತ ಅಡುಗೆ ಕಂಟ್ರಾಕ್ಟು ಶುರು ಮಾಡಿದ್ದೆ. ಸೌದೆ ಮುಟ್ಟದೆ ಕೈ ಜಡ್ಡುಗಟ್ಟಿತ್ತು. ಆರು ಇಟ್ಟಿಗೆ ಜೋಡಿಸಿ ಒಲೆ ಹೂಡಿದೆ. ಸೌದೆಗೆ ಎಲ್ಲಿಗೂ ಹೋಗಬೇಕಿರಲಿಲ್ಲ, ಬೇಲಿ ಪಕ್ಕ ನೀಲಗಿರಿಯ ಒಣಕೊಂಬೆ, ಸುಲಿದ ತೊಗಟೆ ರಾಶಿ ಬಿದ್ದಿತ್ತು. ಎಂಥ ಸೌದೆ ಅದು! ಕಡ್ಡಿ ಗೀರಿದ್ದೇ ಭಗ್ ಅಂತ ಹತ್ತಿಕೊಂಡಿತು.

ಅವತ್ತು ಮರಳುಗಾಡಿನ ಕಡೆಯಿಂದ ಬಿಸಿಗಾಳಿ. ತುಟಿ ಒಡೆಯುವಷ್ಟು ಒಣಗಾಳಿ. ನೆಂಟರೆಲ್ಲ ಸೆರಗು, ಪಂಚೆ ಹಿಡಿದುಕೊಂಡು ಓಡಾಡುತ್ತಿದ್ದರು. ಹಾಲಿನ ಪಾತ್ರೆಯ ಅಂಚಿನಲ್ಲಿ ಗುಳ್ಳೆ ಕಟ್ಟುತ್ತಿರುವಾಗ ಇಳಕಲ್ ಸೀರೆ ಉಟ್ಟ ಹೆಂಗಸೊಬ್ಬರು ನೇರ ನನ್ನ ಹತ್ತಿರ ಬಂದರು. ಅದೇ ಬಡಾವಣೆಯ ಗಿರೀಶ್ ಎಂಬ ಟೆಲಿಕಾಂ ಇಂಜಿನಿಯರ್ ಇದ್ದರು, ಅವರ ಹೆಂಡತಿ ಎಂದು ಆಮೇಲೆ ತಿಳಿಯಿತು.

"ಒಲಿ ಆರಸ್ರಿ" ಎಂದರು. ನಮಸ್ಕಾರವಿಲ್ಲ, ಏನಿಲ್ಲ.

"ಹಾಲಿಟ್ಟಿದ್ದೀನಿ ಮೇಡಂ."

"ಇವತ್ತ ಗಾಳಿ ನೋಡ್ರಿ. ಬೆಂಕಿ ಹಚ್ಚಬ್ಯಾಡ್ರಿ ಅಂತ ಊರ ತುಂಬಾ ಸಾರ್ಯಾರ. ಕಿಡಿ ಹಾರಾಕತ್ತಾವು."

"ನಮ್ಮೂರಲ್ಲಿ ಗಾಳಿ ಬೀಸಲ್ವಾ? ಎರಡು ನಿಮಿಷ ಸುಮ್ನಿರಿ, ಉಕ್ಕಿಬಿಡ್ತದೆ."

ಅವರು ಸುಮ್ಮನಿರಲಿಲ್ಲ. ಬೇಲಿಯ ಹತ್ತಿರ ತೊಗಟೆಯ ರಾಶಿಯಿಂದ ಹೊಗೆ ಎದ್ದಿತ್ತಂತೆ. ನಾನು ನೋಡಲಿಲ್ಲ, ನನ್ನ ಕಣ್ಣು ಹಾಲಿನ ಮೇಲಿತ್ತು. ಗಿಡಕ್ಕೆ ನೀರು ಬಿಡುವ ಪೈಪನ್ನು ಅವರು ಎಳೆದು ತಂದು ಮೊದಲು ತೊಗಟೆಗೆ ಬಿಟ್ಟರು. ಸರಿ, ಬಿಡಲಿ. ಆಮೇಲೆ ತಿರುಗಿ ನನ್ನ ಒಲೆಗೂ ಬಿಟ್ಟರು. ಬೂದಿ ಮುಖಕ್ಕೆ ರಾಚಿತು. ಪಾತ್ರೆಯ ಕಂಠಕ್ಕೆ ಬಂದಿದ್ದ ಹಾಲು ಸುಯ್ ಎಂದು ಕೆಳಗಿಳಿದು, ಮೇಲೆ ಕರೀ ನೀರು ತೇಲಿತು.

ಬಸವ್ವ ಬಾಯಿಗೆ ಸೆರಗು ಇಟ್ಟುಕೊಂಡು ಅಲ್ಲೇ ಕೂತಳು. ನಾನು ಸೌಟು ಎಸೆದೆ. ಏನೇನು ಬೈದೆನೋ, ಅದನ್ನೆಲ್ಲ ಸಂಘದ ಪುಸ್ತಕದಲ್ಲಿ ಹಾಕುವ ಹಾಗಿಲ್ಲ. ಅವತ್ತು ಸೌದೆಯ ಮೇಲೆ ಬೇಯಬೇಕಿದ್ದ ಸಾರು, ಹುಗ್ಗಿ ಯಾವುದೂ ಆಗಲಿಲ್ಲ. ನನ್ನ ಕೈಯೂಟಕ್ಕೆಂದು ಬಂದ ಎಂಬತ್ತು ಜನ ಪಿಜ್ಜಾ ತರಿಸಿಕೊಂಡು ತಿಂದು ಹೋದರು.

ಹೊರಡುವಾಗ ನಾನು ಅವರಿಗೆ ಕೇಳುವಂತೆ ಹೇಳಿದೆ: "ಆರಿಸಿದೋರು ಹಚ್ಚಿಕೊಡಬೇಕು ಮೇಡಂ. ಅದು ನಿಮ್ಮ ಮೇಲೆ ಬಾಕಿ."

"ಹಚ್ಚಿಕೊಡ್ತೇನ್ರಿ" ಎಂದರು ಅವರು, ಒದ್ದೆ ಸೀರೆ ಹಿಂಡಿಕೊಳ್ಳುತ್ತ. "ಇದs ಜಾಗಾದಾಗ ಹಚ್ಚಿಕೊಡ್ತೇನಿ. ಛಲೋ ಮಳಿ ಆಗ್ಲಿ."

ಮಳೆ! ಅಲ್ಲಿಂದ ಮುಂದೆ ಎಷ್ಟೋ ವರ್ಷ ಕ್ಯಾಲಿಫೋರ್ನಿಯಾ ಸರಿಯಾದ ಮಳೆಯನ್ನೇ ಕಾಣಲಿಲ್ಲ.

ಕುಮುದಾ ಮೇಡಂ ಗದಗಿನವರು. ಅಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. 2008ರಲ್ಲಿ ಗಂಡನ ವೀಸಾದ ಮೇಲೆ ಬಂದರು. ಆ ವೀಸಾದಲ್ಲಿ ಸಂಬಳಕ್ಕೆ ದುಡಿಯುವ ಹಾಗಿಲ್ಲ, ಬಿಟ್ಟಿ ಸೇವೆಗೆ ಅಡ್ಡಿಯಿಲ್ಲ. ಹಿಂದಿನ ವರ್ಷವಷ್ಟೇ ಸ್ಯಾನ್ ಡಿಯಾಗೋ ಸುತ್ತ ದೊಡ್ಡ ಬೆಂಕಿ ಬಿದ್ದು ಹೋಗಿತ್ತು, ಜನ ಇನ್ನೂ ಅದೇ ಮಾತಾಡುತ್ತಿದ್ದರು. ಅಗ್ನಿಶಾಮಕದವರು ಊರ ಜನಕ್ಕೇ ತರಬೇತಿ ಕೊಡುತ್ತಾರೆ ಎಂದು ತಿಳಿದು ಇವರು ಹೋಗಿ ಸೇರಿಕೊಂಡರು. ಒಂದು ಹಸಿರು ಹೆಲ್ಮೆಟ್ಟು, ಒಂದು ಹಸಿರು ಜಾಕೆಟ್ಟು ಕೊಟ್ಟರು. ಅದನ್ನು ಹಾಕಿಕೊಂಡು ಮನೆಮನೆಗೆ ಹೋಗಿ, "ನಿಮ್ಮ ಮಾಡಿನ ಮಳಿನೀರಿನ ದೋಣಿಯೊಳಗಿನ ಎಲಿ ತೆಗಸ್ರಿ, ಕಿಡಿ ಬಂದು ಅಲ್ಲೇ ಕೂಡತೈತಿ" ಎಂದು ಹೇಳುವುದು ಅವರ ಕೆಲಸ. ಎರಡೆರಡು ಕಾರಿನ ಜನ ಬಾಗಿಲು ಅರ್ಧ ತೆರೆದು ಹ್ಞೂಂ ಎಂದು ಮುಚ್ಚುತ್ತಿದ್ದರು. ಕೊನೆಗೆ ಅವರೇ ಏಣಿ ಹಾಕಿ ಹತ್ತಿ ತೆಗೆಯುತ್ತಿದ್ದರು. ಎದೆ ಮೊದಲೇ ಸ್ವಲ್ಪ ಉಬ್ಬಸದ್ದು. ಏಣಿಯ ಮೇಲೆ ನಿಂತು ಕೆಮ್ಮುತ್ತಲೇ ಎಲೆ ಬಾಚುತ್ತಿದ್ದರು. ಹಿಂದಿನಿಂದ ಜನ 'ಹೆಲ್ಮೆಟ್ ಕುಮುದಾ' ಅನ್ನುತ್ತಿದ್ದರು. ಆ ಹೆಸರಿಟ್ಟವರಲ್ಲಿ ನಾನೂ ಒಬ್ಬ.

2012ರಿಂದ ನಾನು ಡಬ್ಬಿ ಊಟ ಶುರು ಮಾಡಿದೆ. ಡೈಮಂಡ್ ಬಾರ್‌ನಲ್ಲಿ ನಾನೂ ನನ್ನ ಹೆಂಡತಿಯೂ ಬೆಳಗಿನ ಜಾವ ಎದ್ದು ಬೇಯಿಸುವುದು, ವಾರಕ್ಕೆ ಮೂರು ದಿನ ಸ್ಯಾನ್ ಡಿಯಾಗೋ, ಒಂದು ದಿನ ರೆಡೊಂಡೊ ಬೀಚ್ ಕಡೆ ವ್ಯಾನಿನಲ್ಲಿ ಹಂಚುವುದು. ಸ್ಕ್ರಿಪ್ಸ್ ರ್ಯಾಂಚಿನ ಆರು ಮನೆಗಳಲ್ಲಿ ಹಗಲು ಹೊತ್ತು ಇರುವವರು ಊರಿಂದ ಬಂದ ಮುದುಕರು ಮಾತ್ರ. ಮಗ, ಸೊಸೆ ಆಫೀಸಿಗೆ ಹೋಗುವಾಗ ಹೇಳಿ ಹೋಗಿರುತ್ತಾರೆ: ಯಾರೇ ಬೆಲ್ ಮಾಡಿದರೂ ಬಾಗಿಲು ತೆಗೆಯಬೇಡಿ, ಗೊತ್ತಿಲ್ಲದ ಫೋನು ಎತ್ತಬೇಡಿ. ಅದಕ್ಕೇ ನಾನು ಬೆಲ್ ಒತ್ತುತ್ತಿರಲಿಲ್ಲ. ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಸೌಟಿನಿಂದ ಮೂರು ಸಲ ಬಾರಿಸಿ, "ಸಾರು ಆರ್ತದೆ!" ಎಂದು ಕೂಗುತ್ತಿದ್ದೆ. ಆಗ ಬಾಗಿಲು ತೆರೆಯುತ್ತಿತ್ತು.

ಬಾಗಿಲು ತೆರೆದವರಿಗೆ ನಾಲ್ಕು ಮಾತು ಬೇಕಿರುತ್ತಿತ್ತು. ನಾನು ಒಲೆಯ ಕಥೆ ಹೇಳುತ್ತಿದ್ದೆ. ಪ್ರತಿ ಮನೆಗೂ ಒಂದಿಷ್ಟು ಖಾರ ಹೆಚ್ಚು ಹಾಕಿ. "ಆ ಹೆಲ್ಮೆಟ್ಟಿನಮ್ಮ ಬಂದರೆ ಬಾಗಿಲು ತೆಗೀಬೇಡಿ. ದೇವರ ದೀಪಕ್ಕೂ ನೀರು ಹುಯ್ದು ಹೋಗ್ತಾಳೆ" ಎನ್ನುತ್ತಿದ್ದೆ. ನಗುತ್ತಿದ್ದರು. ಬಸವ್ವ ಮಾತ್ರ ನಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ಬಂದಾಗಲೆಲ್ಲ, "ಈ ಮನಿಯಾಗ ಇನ್ನೂ ಹಾಲು ಉಕ್ಕಿಲ್ಲೋ ಮರಿಯಪ್ಪ" ಎಂದು ಹಿತ್ತಲಿನ ಕಡೆ ನೋಡುತ್ತಿದ್ದಳು. ಆ ಆರು ಇಟ್ಟಿಗೆ ಅಲ್ಲೇ ಇದ್ದವು, ಬಸವ್ವ ಯಾರಿಗೂ ತೆಗೆಯಗೊಟ್ಟಿರಲಿಲ್ಲ.

2013ರ ಕೊನೆಯಲ್ಲಿ ಒಂದು ದಿನ ಡಬ್ಬಿ ಕೊಟ್ಟು ಬರುವಷ್ಟರಲ್ಲಿ ಕುಮುದಾ ಮೇಡಂ ನನ್ನ ವ್ಯಾನಿಗೆ ಒರಗಿ ನಿಂತಿದ್ದರು.

"ಮರಿಯಪ್ಪನವ್ರ, ನಿಮ್ಮ ಡಬ್ಬಿ ಲಿಸ್ಟ್ ಬೇಕ್ರಿ."

"ಯಾಕೆ, ನೀರು ಹುಯ್ಯೋಕೆ ಒಲೆ ಸಾಲದು ಅಂತ ಡಬ್ಬಿಗೂ ಹುಯ್ತೀರಾ?"

"ಹುಯ್ತೇನಿ, ಸಾರು ಖಾರ ಆಗಿದ್ರ" ಎಂದು ನಕ್ಕರು. ಆಮೇಲೆ ನಗು ಬಿಟ್ಟು ಹೇಳಿದರು. "ನೋಡ್ರಿ, ಬೆಂಕಿ ಬಂದ್ರ ಮನಿ ಬಿಡ್ರಿ ಅಂತ ಫೋನ್ ಬರ್ತೈತಿ, ಇಂಗ್ಲಿಷಿನ್ಯಾಗ. ಈ ಮುದುಕರು ಎತ್ತಂಗಿಲ್ಲ, ಎತ್ತಿದ್ರೂ ತಿಳಿಯಂಗಿಲ್ಲ. ಕಾರು ಓಡ್ಸಾಕ ಬರಂಗಿಲ್ಲ. ಯಾವ ಮನಿಯೊಳಗ ಯಾರ ಅದಾರ ಅಂತ ಪೊಲೀಸರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿರಾವ್ರು ನೀವೊಬ್ರು."

"ಮೊದಲು ಒಲೆ ಹಚ್ಚಿಕೊಡಿ. ಆಮೇಲೆ ಲಿಸ್ಟು."

"ಮಳಿ ಎಲ್ಲೈತ್ರಿ?"

"ಹಾಗಾದ್ರೆ ಲಿಸ್ಟೂ ಎಲ್ಲೈತ್ರಿ?" ಎಂದು ಅವರ ದನಿಯಲ್ಲೇ ಅಣಕಿಸಿ, ವ್ಯಾನ್ ಹತ್ತಿ ಹೊರಟೆ.

ನಿಜ ಏನೆಂದರೆ, ಲಿಸ್ಟ್ ಇರಲೇ ಇಲ್ಲ. ಇಂಗ್ಲಿಷಿನ ಬೀದಿ ಹೆಸರು ನನ್ನ ಕೈಗೆ ಬರುವುದಿಲ್ಲ. ನನಗೆ ಮನೆ ಗೊತ್ತಿರುವುದು ನೀಲಿ ಗರಾಜು, ಬಾಗಿಲ ಮುಂದಿನ ತುಳಸಿ ಕುಂಡ, ಎರಡು ಕವಲಿನ ಮರ ಹೀಗೆ. ಅದನ್ನು ಒಬ್ಬ ಟೀಚರ್ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಜಗಳ ಸುಲಭವಾಗಿತ್ತು.

2014ರ ಮೇ ತಿಂಗಳಲ್ಲಿ ಸ್ಯಾನ್ ಡಿಯಾಗೋ ಸುತ್ತ ಒಂದಾದ ಮೇಲೊಂದು ಬೆಂಕಿ ಎದ್ದಿತು. ಮೇ ತಿಂಗಳಲ್ಲಿ ಬೆಂಕಿಯೇ ಎಂದು ಅಲ್ಲಿ ಹುಟ್ಟಿ ಬೆಳೆದವರೇ ಬಾಯಿ ಮೇಲೆ ಕೈಯಿಟ್ಟುಕೊಂಡರು. ಆ ವಾರದಲ್ಲೇ ಒಂದು ದಿನ ಹನ್ನೊಂದೂವರೆಗೆ ನಾನು ಫ್ರೀವೇ ಇಳಿದೆ. ಎದುರಿಗೆ, ಕಣಿವೆಯ ಕಡೆ, ಕಂದು ಬಣ್ಣದ ಹೊಗೆ ಕಂಬದ ಹಾಗೆ ಎದ್ದು ನಿಂತಿತ್ತು. ಗಾಜಿನ ಮೇಲೆ ಬೂದಿ ಉದುರುತ್ತಿತ್ತು. ಬಡಾವಣೆಯ ರಸ್ತೆಗೆ ಪೊಲೀಸರು ಅಡ್ಡ ನಿಂತಿದ್ದರು. ಒಳಗಿನಿಂದ ಕಾರುಗಳು ಸಾಲುಗಟ್ಟಿ ಹೊರಗೆ ಬರುತ್ತಿದ್ದವು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ನಾನು ಡಬ್ಬಿ ಎತ್ತಿ ತೋರಿಸಿದೆ, ಕೈ ಮುಗಿದೆ, ಕೂಗಾಡಿದೆ. ಪೊಲೀಸಿನವನು ನನ್ನ ಎದೆಗೆ ಅಂಗೈ ಇಟ್ಟು ಹಿಂದಕ್ಕೆ ತಳ್ಳಿದ.

ಫೋನ್ ಬಂತು. ಕುಮುದಾ ಮೇಡಂ.

"ಎಲ್ಲದೀರಿ?"

"ಕೆಳಗೆ. ಬಿಡ್ತಾ ಇಲ್ಲ."

"ನಾ ಒಳಗ ಅದೀನಿ. ಈಗರೆ ಹೇಳ್ರಿ. ಮುದುಕರಿರೋ ಮನಿ ಎಷ್ಟು? ಯಾವುವು?"

"ಆರು" ಎಂದೆ. ಆಮೇಲೆ ನಾಲಗೆ ಕಚ್ಚಿಕೊಂಡೆ. "ಮೇಡಂ, ನಂಬರು ನನಗೆ ಗೊತ್ತಿಲ್ಲ. ಬೀದಿ ಹೆಸರೂ ಗೊತ್ತಿಲ್ಲ. ಲಿಸ್ಟ್ ಇಲ್ಲವೇ ಇಲ್ಲ."

"ಕಣ್ಣ ಮುಚ್ಚಿಕೊಂಡು ವ್ಯಾನ್ ಓಡಸ್ರಿ. ನೀವು ಹೇಳ್ದಂಗ ನಾ ಕಾರು ಓಡಸ್ತೇನಿ."

ಹಾಗೇ ಮಾಡಿದೆ. ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚಿಕೊಂಡೆ. "ಸ್ಕೂಲು ದಾಟಿ ಎಡಕ್ಕೆ. ನೀಲಿ ಗರಾಜು. ಹೊರಗೆ ಚಪ್ಪಲಿ ಗೂಡು ಇರ್ತದೆ." "ಸಿಕ್ತು." ಬಾಗಿಲು ಬಡಿಯುವ ಸದ್ದು, ಕನ್ನಡದಲ್ಲಿ ಕೂಗುವ ಸದ್ದು. ಅವರು ಬಂದರೆ ಬಾಗಿಲು ತೆಗೀಬೇಡಿ ಎಂದಿದ್ದ ನನ್ನ ಮಾತು ಆಗ ನೆನಪಾಯಿತು. ಆ ಬಾಗಿಲು ತೆರೆಯಿತು. ಅವರ ಹಿಂದೆ ಬರುತ್ತಿದ್ದ ಇನ್ನೊಬ್ಬ ಸ್ವಯಂಸೇವಕನ ಕಾರಿಗೆ ಅಲ್ಲಿಯವರನ್ನು ಹತ್ತಿಸಿದರು. ಎರಡನೇ ಮನೆ, ಮೂರನೇ ಮನೆ. ನಾಲ್ಕನೆಯದು ಖಾಲಿ, ಮಗ ಬಂದು ಕರೆದುಕೊಂಡು ಹೋಗಿದ್ದ. ಐದನೆಯ ಮನೆಯಿಂದ ಒಬ್ಬ ಅಜ್ಜಿ. ಆ ಕಾರು ತುಂಬಿ ಹೊರಗೆ ಬಂತು, ನನ್ನ ಕಣ್ಣೆದುರೇ ಹಾದುಹೋಯಿತು.

"ಆರನೇದು?"

"ಗೃಹಪ್ರವೇಶದ ಮನೆ" ಎಂದೆ. ಅದಕ್ಕೆ ಗುರುತು ಹೇಳಬೇಕಿರಲಿಲ್ಲ.

ಕಾರ್ತಿಕೇಯ ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದ. ಸೊಸೆಯ ಫೋನ್ ಸಿಗುತ್ತಿರಲಿಲ್ಲ. ಆ ಬೀದಿಯಲ್ಲಿ ಆಗಲೇ ಎಲ್ಲರೂ ಮನೆ ಬಿಟ್ಟಿದ್ದರು. ಫೋನಿನಲ್ಲಿ ಗಾಳಿಯ ಸದ್ದು, ಮೇಲೆ ಹೆಲಿಕಾಪ್ಟರಿನ ಸದ್ದು. ಕುಮುದಾ ಮೇಡಂ ಓಡುವುದು ಕೇಳಿಸಿತು, ಬಾಗಿಲು ಬಡಿಯುವುದು ಕೇಳಿಸಿತು.

"ಯಾರದು?" ಒಳಗಿನಿಂದ ಬಸವ್ವ.

"ನಾನ್ರಿ ಯವ್ವಾ, ಕುಮುದಾ. ಹಿತ್ತಲಕ ಬೆಂಕಿ ಬಂದೈತಿ. ಅಪ್ಪಾರನ್ನ ಕರ್ಕೊಂಡು ಲಗೂನ ಹೊರಗ ಬರ್ರಿ."

"ಯಾವ ಕುಮುದಾ? ಒಲಿ ಆರಿಸಿದಾಕಿ?"

"ಹೌದ್ರಿ, ಆಕೀನs. ಬರ್ರಿ."

"ಹಾಲು ಉಕ್ಕಿಸಗೊಡ್ಲಿಲ್ಲ, ಈಗ ಮನಿ ಬಿಡಸಾಕ ಬಂದೀಯೇನು? ಮೂರು ದಿನದಿಂದ ಹೊಗಿ ಬರಾಕತ್ತೈತಿ, ಏನೂ ಆಗಿಲ್ಲ. ನಡಿ ನಡಿ. ನೀ ಬಂದ್ರ ಬಾಗಲಾ ತೆಗೀಬ್ಯಾಡ್ರಿ ಅಂತ ಮರಿಯಪ್ಪ ಹೇಳ್ಯಾನ!"

ಫೋನ್ ನನ್ನ ಕಿವಿಯಲ್ಲಿತ್ತು. ಪ್ರತಿ ಅಕ್ಷರ ಕೇಳಿಸಿತು. ಅವರಿಗೂ ಕೇಳಿಸಿತು.

"ಮರಿಯಪ್ಪನವ್ರ, ಕೇಳಿಸ್ತ?"

"ಮೇಡಂ, ಅದು..." ಎಂದೆ.

"ಅದನ್ನ ಆಮ್ಯಾಲೆ ನೋಡೂಣು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅವಸರವಿತ್ತು. "ಬೇಲಿ ಹತ್ತೇತಿ, ನನಗ ಕಾಣಾಕತ್ತೈತಿ. ಫೋನು ಬಾಗಲಕ್ಕ ಹಿಡೀತೇನಿ. ನೀವs ತೆಗಸ್ರಿ."

ನಾನು ಕಿರುಚಿದೆ. "ಬಸವ್ವಾ! ನಾನು ಮರಿಯಪ್ಪ! ತಮಾಷೆಗೆ ಹೇಳಿದ್ದು ಕಣವ್ವಾ, ಬಾಗಿಲು ತೆಗಿ!"

"ಫೋನಿನ್ಯಾಗ ಯಾರ ಬೇಕಾದ್ರೂ ಯಾರಂಗ ಬೇಕಾದ್ರೂ ಮಾತಾಡ್ತಾರಂತ" ಎಂದಳು ಬಸವ್ವ. "ನನ್ನ ಮಗ ಹೇಳ್ಯಾನ. ಮೊನ್ನೆ ಹಿಂಗs ಬ್ಯಾಂಕಿನಾವ್ರು ಅಂತ ಒಬ್ಬಾಂವ ಮಾಡಿದ್ದ."

ರಸ್ತೆಯಲ್ಲಿ ನಿಂತು ನಾನು ತಲೆ ಚಚ್ಚಿಕೊಂಡೆ. ವ್ಯಾನಿನ ಬಾಗಿಲು ತೆರೆದೇ ಇತ್ತು. ಒಳಗೆ ಡಬ್ಬಿಗಳ ಸಾಲು, ಅವುಗಳ ಮೇಲೆ ಸೌಟು.

"ಮೇಡಂ! ಕೈಯಲ್ಲಿ ಏನಿದೆ? ಸ್ಟೀಲಿಂದು ಏನಾದ್ರೂ ಇದೆಯಾ?"

"ನೀರಿನ ಬಾಟ್ಲಿ ಐತಿ."

"ಕಾರಿನ ಕೀ ತಗೊಂಡು ಅದಕ್ಕೆ ಬಾರಿಸಿ. ಮೂರು ಸಲ. ನಿಧಾನಕ್ಕೆ. ಬಾರಿಸಿ, 'ಸಾರು ಆರ್ತದೆ' ಅನ್ನಿ. ನಮ್ಮ ಕಡೆ ಮಾತಲ್ಲೇ ಅನ್ನಿ, ನಿಮ್ಮ ಕಡೆ ಮಾತಲ್ಲಿ ಬೇಡ."

ಟಣ್. ಟಣ್. ಟಣ್.

"ಸಾರು ಆರ್ತದೆ!" ಎಂದರು ಕುಮುದಾ ಮೇಡಂ, ಹೊಗೆಯಲ್ಲಿ, ಕೆಮ್ಮುತ್ತ.

ಚಿಲಕ ತೆಗೆದ ಸದ್ದು ನನಗೆ ಫೋನಿನಲ್ಲೇ ಕೇಳಿಸಿತು. ಆಮೇಲೆ ಬಸವ್ವನ ದನಿ: "ಮರಿಯಪ್ಪ ಎಲ್ಲಿ?" ಅದರ ಹಿಂದೆಯೇ, "ಅಯ್ಯ ಶಿವನೇ!" ಬಾಗಿಲು ತೆರೆದ ಮೇಲೆ ಅವಳಿಗೆ ಹೊರಗಿನ ಬಣ್ಣ ಕಂಡಿರಬೇಕು. ಫೋನ್ ಕಟ್ಟಾಯಿತು.

ಆಮೇಲೆ ಇಪ್ಪತ್ತೈದು ನಿಮಿಷ. ನಾನು ಹದಿನೆಂಟು ಸಲ ಫೋನ್ ಮಾಡಿದೆ. ಸಿಗಲಿಲ್ಲ. ನೀಲಕಂಠಪ್ಪನಿಗೆ ವಾಕರ್ ಇಲ್ಲದೆ ಎರಡು ಹೆಜ್ಜೆ ಆಗದು, ಮನೆಯ ಮುಂದೆ ನಾಲ್ಕು ಮೆಟ್ಟಿಲು. ನಾನು ಆ ಮೆಟ್ಟಿಲುಗಳನ್ನೇ ಎಣಿಸುತ್ತ ನಿಂತೆ. ಹೊಗೆ ರಸ್ತೆಗೆ ಇಳಿದು ಪೊಲೀಸರ ದೀಪ ಕೂಡ ಮಸುಕಾಯಿತು. ಇನ್ನೊಮ್ಮೆ ನುಗ್ಗಲು ನೋಡಿದೆ. ಈ ಸಲ ಪೊಲೀಸಿನವನು ಕೈಕೋಳ ತೋರಿಸಿದ. ಆ ಮನೆಯಲ್ಲಿ ಏನಾದರೂ ಆದರೆ ಅದು ಬೆಂಕಿಯಿಂದ ಆದದ್ದಲ್ಲ, ನನ್ನ ಬಾಯಿಂದ ಆದದ್ದು. ಹೇಳಿದರೆ ಆ ಪೊಲೀಸಿಗೆ ಅರ್ಥವಾಗುತ್ತಿರಲಿಲ್ಲ.

ಕಡೆಗೆ ಗಿರೀಶ್ ಅವರ ಬೂದು ಕಾರು ಹೊಗೆಯಿಂದ ಹೊರಗೆ ಬಂತು. ಡಿಕ್ಕಿ ಮುಚ್ಚದೆ ವಾಕರಿನ ಕಾಲು ಹೊರಗೆ ಚಾಚಿತ್ತು. ಹಿಂದಿನ ಸೀಟಿನಲ್ಲಿ ನೀಲಕಂಠಪ್ಪ ಬನಿಯನ್ನಿನಲ್ಲಿ. ಮುಂದೆ ಬಸವ್ವ. ಮುಖಕ್ಕೆ ಕುಮುದಾ ಮೇಡಂ ಅವರ ಮಾಸ್ಕು, ಮಡಿಲಲ್ಲಿ ಹಿಂದಿನ ಸಲದ ನನ್ನ ಡಬ್ಬಿ, ತೊಳೆದು ಒರೆಸಿಟ್ಟದ್ದು. ಸಾರಿಗೆಂದು ಬಾಗಿಲಿಗೆ ತಂದವಳು ಹಾಗೇ ಹಿಡಿದುಕೊಂಡು ಬಂದಿದ್ದಳು.

ಕುಮುದಾ ಮೇಡಂ ಕಾರು ನಿಲ್ಲಿಸಿ ಇಳಿದು ರಸ್ತೆಯಂಚಿನಲ್ಲಿ ಬಗ್ಗಿ ಕೆಮ್ಮಿದರು. ಕೆಮ್ಮು ನಿಲ್ಲಲೇ ಇಲ್ಲ. ಉಸಿರು ಸಿಳ್ಳೆ ಹಾಕುತ್ತಿತ್ತು. ನಾನು ಮಜ್ಜಿಗೆ ಕ್ಯಾನು ತಂದು ಕೈಗಿಟ್ಟೆ. ಕೆಂಪಾದ ಕಣ್ಣೆತ್ತಿ, "ಆರೂ ಆತಲ್ರಿ?" ಎಂದು ಮಾತ್ರ ಕೇಳಿದರು.

"ಆಯ್ತು ಮೇಡಂ."

ಆಮೇಲೆ ನೋಡೋಣ ಎಂದ ಮಾತನ್ನು ಅವರು ಯಾವತ್ತೂ ನೋಡಲಿಲ್ಲ. ಅವತ್ತೂ ಎತ್ತಲಿಲ್ಲ, ಮುಂದೆಯೂ ಯಾರ ಮುಂದೆಯೂ ಎತ್ತಲಿಲ್ಲ. ಎತ್ತಿದ್ದರೆ ನಾನು ಜಗಳವಾಡಿ ಹಗುರಾಗಿಬಿಡುತ್ತಿದ್ದೆ.

ಮನೆ ಉಳಿಯಿತು. ಬೇಲಿ, ಎರಡು ನೀಲಗಿರಿ, ಹಿತ್ತಲಿನ ಅರ್ಧ ಸುಟ್ಟಿತು. ಹಿಂದಿನ ಗಾಜು ಬಿರುಕು ಬಿಟ್ಟಿತ್ತು. ಆರು ಇಟ್ಟಿಗೆ ಕರಿಯಾಗಿ ಇದ್ದಲ್ಲೇ ಇದ್ದವು.

ಮರುವಾರ ಅವರು ಒಂದು ನೋಟ್‌ಬುಕ್ ಹಿಡಿದು ನನ್ನ ವ್ಯಾನ್ ಹತ್ತಿದರು. "ಲಿಸ್ಟ್ ಇಲ್ಲ ಅಂತ ಅವತ್ತs ಅಂದಿದ್ರ ಅವತ್ತs ಬರಕೋತಿದ್ನೆಲ್ರಿ" ಎಂದಷ್ಟೇ ಅಂದರು. ನಾನು ಗುರುತು ಹೇಳಿದ ಹಾಗೆ ಕನ್ನಡದಲ್ಲಿ ಬರೆದುಕೊಂಡರು, ಪಕ್ಕದಲ್ಲಿ ನಂಬರು, ಬೀದಿಯ ಹೆಸರು. ತುಳಸಿ ಕುಂಡ, ಮಂಡಿನೋವಿನ ಅಜ್ಜ, ಕಿವಿ ಕೇಳದು. ನೀಲಿ ಗರಾಜು, ಇಬ್ಬರು, ಬೆಳಿಗ್ಗೆ ಪೂಜೆ, ಹನ್ನೊಂದರವರೆಗೆ ಬಾಗಿಲು ತೆಗೆಯರು. ಸ್ಕ್ರಿಪ್ಸ್ ರ್ಯಾಂಚಿನ ಪುಸ್ತಕ ಮುಗಿದ ಮೇಲೆ ಡೈಮಂಡ್ ಬಾರ್, ರೆಡೊಂಡೊ ಬೀಚ್ ಕಡೆಯ ಮನೆಗಳೂ ಬಂದವು. ದಾರಿಯುದ್ದಕ್ಕೂ ಜಗಳ. ನಾನು ಸ್ಪೀಡು ಎಂದು ಅವರು, ಅವರು ಕಿಟಕಿ ತೆಗೆಯುತ್ತಾರೆಂದು ನಾನು.

ನನ್ನನ್ನೂ ಆ ತರಬೇತಿಗೆ ಎಳೆದುಕೊಂಡು ಹೋದರು. ಬಾಣಲೆಯ ಎಣ್ಣೆಗೆ ಬೆಂಕಿ ಹಚ್ಚಿ, ಇದನ್ನು ಹೇಗೆ ಆರಿಸುತ್ತೀರಿ ಎಂದು ಇಂಗ್ಲಿಷಿನಲ್ಲಿ ಮೇಷ್ಟ್ರು ಕೇಳುವಷ್ಟರಲ್ಲಿ ನಾನು ಮುಚ್ಚಳ ಮುಚ್ಚಿ ಬಂದು ಕೂತಿದ್ದೆ. "ನೋಡ್ರಿ, ನೀರಿಲ್ಲದs ಆರಸ್ಯಾರ" ಎಂದು ಕುಮುದಾ ಮೇಡಂ ಹಿಂದಿನಿಂದ ಚುಚ್ಚಿದರು. ನನಗೂ ಹಸಿರು ಹೆಲ್ಮೆಟ್ಟು ಬಂತು. 2016ರಲ್ಲಿ ಅವರು ಊರ ಸಭೆಯಲ್ಲಿ ಎದ್ದು ನಿಂತು, ಬೆಂಕಿಯ ಸುದ್ದಿ ಎಲ್ಲರ ಭಾಷೆಯಲ್ಲೂ ಬರಲಿ ಎಂದು ಎರಡು ನಿಮಿಷ ಮಾತಾಡಿದರು. ಕೊಡುವುದೇ ಎರಡು ನಿಮಿಷ. ಮಧ್ಯೆ ಕೆಮ್ಮು ಬಂದು ಅರ್ಧ ನಿಮಿಷ ಹೋಯಿತು. ಅದಕ್ಕೆ ಅಲ್ಲಿಯ ಗಡಿಯಾರ ನಿಲ್ಲಲಿಲ್ಲ, ನಾನು ಹಲ್ಲು ಕಡಿದುಕೊಂಡು ಕೂತಿದ್ದೆ.

ಆ ಕೆಮ್ಮು ಹೋಗಲಿಲ್ಲ. ಮೊದಲೇ ಉಬ್ಬಸದ ಎದೆ, ಮಾಸ್ಕಿಲ್ಲದೆ ಕುಡಿದ ಹೊಗೆ. ಡಾಕ್ಟರು ಇನ್ಹೇಲರ್ ಕೊಟ್ಟರು, ಊದಿನಕಡ್ಡಿ ಕೂಡ ಹಚ್ಚಬೇಡಿ ಎಂದರು. 2017ರ ಆರಂಭದಲ್ಲಿ ಮಳೆ ಬಂತು. ಎಷ್ಟೋ ವರ್ಷದ ಬಾಕಿ ಒಟ್ಟಿಗೇ ತೀರಿಸುವ ಹಾಗೆ ಬಂತು. ಅವರು ಫೋನ್ ಮಾಡಿದರು: "ಮಳಿ ಬಂತ್ರಿ ಮರಿಯಪ್ಪನವ್ರ." "ಬಂತಲ್ಲ, ಕೊಡೆ ಹಿಡ್ಕೊಂಡು ಒಳಗಿರಿ" ಎಂದು ಇಟ್ಟುಬಿಟ್ಟೆ. ಮುಂದಿನ ವರ್ಷ ಲಾಸ್ ಏಂಜಲೀಸ್ ಕಡೆ ಸೆಕೆ, ನವೆಂಬರಿನಲ್ಲಿ ಬೆಂಕಿ. ನೋಟ್‌ಬುಕ್ ನನ್ನ ವ್ಯಾನಿನಲ್ಲಿತ್ತು, ಮುದುಕರನ್ನು ಏಸಿ ಇರುವ ಲೈಬ್ರರಿಯ ತಂಪಿಗೆ ಮುಟ್ಟಿಸುವ ಕೆಲಸ ನನ್ನದಾಗಿತ್ತು. ಕುಮುದಾ ಮೇಡಂ ಮನೆಯೊಳಗೆ ಕಿಟಕಿ ಮುಚ್ಚಿ ಕೂತು ಫೋನಿನಲ್ಲೇ ದಾರಿ ಹೇಳುತ್ತಿದ್ದರು.

2019ರ ಫೆಬ್ರವರಿಯಲ್ಲಿ ಗಿರೀಶ್ ಅವರು ಹುಬ್ಬಳ್ಳಿಗೆ ವಾಪಸ್ಸಾಗುವುದೆಂದು ತೀರ್ಮಾನ ಮಾಡಿದರು. ಹೊರಡುವ ವಾರ ಕುಮುದಾ ಮೇಡಂ ಹೇಳಿ ಕಳಿಸಿದರು: ಶುಕ್ರವಾರ ಬೆಳಿಗ್ಗೆ ಕಾರ್ತಿಕೇಯನ ಹಿತ್ತಲಿಗೆ ಹಾಲು, ಸೌದೆ ತನ್ನಿ.

ರಾತ್ರಿ ಮಳೆ ಬಿದ್ದು ನೆಲ ತೇವವಾಗಿತ್ತು. ಬೇಲಿ ಹೊಸದು. ಕಣಿವೆ ಹಸಿರು. ಕಾರ್ತಿಕೇಯ ಫೋನಿನಲ್ಲಿ ಬಾಗಲಕೋಟೆಯ ಬಸವ್ವನನ್ನು ತೋರಿಸುತ್ತ ನಿಂತಿದ್ದ. ಆ ಕರೀ ಇಟ್ಟಿಗೆಗಳನ್ನೇ ಜೋಡಿಸಿ ಹಾಲಿಟ್ಟೆ. ಕುಮುದಾ ಮೇಡಂ ಸ್ನಾನ ಮಾಡಿ ಅದೇ ಇಳಕಲ್ ಸೀರೆ ಉಟ್ಟು ಬಂದಿದ್ದರು. ಡೈಮಂಡ್ ಬಾರ್‌ನಿಂದ ಬರುವ ದಾರಿಯುದ್ದಕ್ಕೂ ನಾನು ಒಂದೇ ಮಾತನ್ನು ಹೇಳಿಕೊಂಡು ಬಂದಿದ್ದೆ: ತಪ್ಪಾಯ್ತು ಮೇಡಂ, ಆ ಬಾಗಿಲು ಮುಚ್ಚಿಸಿದ್ದು ನಾನು.

"ಹಚ್ಚವಾ ತಂಗಿ" ಎಂದಳು ಬಸವ್ವ ಫೋನಿನಿಂದ.

ಅವರು ಮಂಡಿಯೂರಿ ಕಡ್ಡಿ ಗೀರಿದರು. ಇನ್ನೂ ಸೌದೆಗೆ ತಾಗಿಸಿರಲಿಲ್ಲ. ಕಡ್ಡಿಯ ಹೊಗೆ ಒಂದೆಳೆ ಮೂಗಿಗೆ ಹೋಗಿರಬೇಕು, ಕೆಮ್ಮು ಹಿಡಿಯಿತು. ಬಗ್ಗಿ, ಒಂದು ಕೈ ಇಟ್ಟಿಗೆಯ ಮೇಲಿಟ್ಟು, ಇನ್ನೊಂದರಲ್ಲಿ ಉರಿಯುವ ಕಡ್ಡಿಯನ್ನು ಬಿಡದೆ ಹಿಡಿದಿದ್ದರು. ಉಸಿರು ಮತ್ತೆ ಅವತ್ತಿನ ಹಾಗೆ ಸಿಳ್ಳೆ ಹಾಕಿತು.

ನಾನು ಕಡ್ಡಿಯನ್ನು ಊದಿ ಆರಿಸಿದೆ.

"ಯಾರ್ರೀ ಕೇಳಿದ್ರು ನಿಮ್ಮನ್ನ? ಬುದ್ಧಿ ಇಲ್ವಾ? ಹೋಗಿ ಒಳಗೆ, ಹೋಗಿ!" ಬಾಯಿಂದ ಬಂದದ್ದು ಇದು. ಹೇಳಿಕೊಂಡು ಬಂದಿದ್ದ ಮಾತು ಬರಲಿಲ್ಲ.

ಅವರು ಇನ್ಹೇಲರ್ ಎಳೆದುಕೊಂಡು, ಕಣ್ಣೊರೆಸಿಕೊಂಡು, ಎದ್ದು ನಿಂತರು. "ಹಂಗಾರ ಬಾಕಿ ಇರ್ಲಿ ಬಿಡ್ರಿ" ಎಂದರು. ಭಾನುವಾರ ಅವರ ವಿಮಾನ.

ಹಾಲನ್ನು ಕ್ಯಾನಿಗೆ ಬಗ್ಗಿಸಿಕೊಂಡು ಬಂದೆ. ಕೆಡಬಾರದೆಂದು ಮನೆಯಲ್ಲಿ ಗ್ಯಾಸಿನ ಮೇಲಿಟ್ಟು ಪಕ್ಕದಲ್ಲೇ ನಿಂತಿದ್ದೆ. ಕಂಠದವರೆಗೆ ಬಂದಾಗ, ಉಕ್ಕುವ ಮೊದಲೇ ಆರಿಸಿದೆ.